ಜೆಟ್ರೀಯಲ್ಲಿ ತಿದ್ದುಪಡಿಗೆ ಅವಕಾಶ ಕೊಡುವ ಮುನ್ನ ಇದನ್ನು ಓದಿ

ಜಾವಾ ಸ್ವಿಂಗ್‌ನಲ್ಲಿ ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವವರಿಗೆ, ಅಥವಾ ನನ್ನ ಹಾಗೆ ಬೇರೆಯವರು ಬರೆದುಹೋದದ್ದನ್ನು ನೋಡಿಕೊಳ್ಳುವವರಿಗೆ ಈ ಬರಹ. ನಿಮ್ಮ ಕೋಡ್‌ನಲ್ಲಿ ಎಲ್ಲಾದರೂ ಜೆಟ್ರೀ (ಮಾಹಿತಿಯನ್ನು ಮರದ ಕೊಂಬೆಗಳ ಹಾಗೆ ತೋರಿಸುವ ಸ್ವಿಂಗ್ ಘಟಕ) ಮೇಲೆ ಸೆಟ್‌ಎಡಿಟಬಲ್ ಎಂಬ ಒಂದೇ ಸಾಲು ಹಾಕಿ ಕೈತೊಳೆದುಕೊಂಡಿದ್ದರೆ ಇವತ್ತೇ ಅದನ್ನು ತೆರೆದು ನೋಡಿ. ಆ ಸಾಲು ಬಿದ್ದ ತಕ್ಷಣ ಬಳಕೆದಾರರು ಟ್ರೀಯಲ್ಲಿರುವ ಹೆಸರುಗಳನ್ನು ಇದ್ದಲ್ಲೇ ತಿದ್ದಬಹುದು. ತಿದ್ದಿದ ಹೆಸರು ತೆರೆಯ ಮೇಲೆ ಸರಿಯಾಗಿಯೇ ಕಾಣುತ್ತದೆ. ಹೆಸರಿನ ಹಿಂದಿದ್ದ ಮಾಹಿತಿ ಮಾತ್ರ ಅಷ್ಟರಲ್ಲಿ ಇಲ್ಲವಾಗಿರಬಹುದು, ಮತ್ತು ಅದನ್ನು ನಿಮಗೆ ಯಾವ ಸಂದೇಶವೂ ತಿಳಿಸುವುದಿಲ್ಲ.

ನನ್ನ ಕೈಗೆ ಬಂದದ್ದು ಯಂತ್ರಗಳ ಬಿಡಿಭಾಗಗಳ ಪಟ್ಟಿ ಇಡುವ ತಂತ್ರಾಂಶ. ಯಂತ್ರದ ಕೆಳಗೆ ಜೋಡಣೆಗಳು, ಅವುಗಳ ಕೆಳಗೆ ಉಪಜೋಡಣೆಗಳು, ಎಲ್ಲಕ್ಕಿಂತ ಕೆಳಗೆ ಬೋಲ್ಟ್, ಬೇರಿಂಗ್, ಗ್ಯಾಸ್ಕೆಟ್. ಇದಕ್ಕೆ ಟ್ರೀಗಿಂತ ಒಪ್ಪುವ ರೂಪ ಇನ್ನೊಂದಿಲ್ಲ. ಪ್ರತಿಯೊಂದು ನೋಡ್‌ನ, ಅಂದರೆ ಟ್ರೀಯ ಪ್ರತಿ ನಮೂದಿನ, ಹಿಂದೆ ಭಾಗದ ಸಂಖ್ಯೆ, ಪ್ರಮಾಣ, ಪೂರೈಕೆದಾರರ ವಿವರ, ಟಿಪ್ಪಣಿ ಇರುತ್ತಿದ್ದವು. ಹೊರಗಿನ ತಂಡವೊಂದು ಅದನ್ನು ಕಟ್ಟಿಕೊಟ್ಟು, ಹಣ ಪಡೆದು ಹೊರಟುಹೋಗಿತ್ತು. ಆಮೇಲೆ ಶುರುವಾಯಿತು ಖರೀದಿ ವಿಭಾಗದವರ ದೂರು: ನಿನ್ನೆ ಇದ್ದ ಭಾಗ ಇವತ್ತು ಪಟ್ಟಿಯಲ್ಲಿ ಇಲ್ಲ. ವಿನ್ಯಾಸ ವಿಭಾಗದವರ ಉತ್ತರ ಪ್ರತಿ ಸಲವೂ ಒಂದೇ: ನಾವು ಏನನ್ನೂ ಅಳಿಸಿಲ್ಲ, ಹೆಸರು ಮಾತ್ರ ತಿದ್ದಿದ್ದೇವೆ. ಎರಡೂ ಕಡೆಯವರು ಹೇಳುತ್ತಿದ್ದದ್ದು ನಿಜವಾಗಿತ್ತು.

ಟ್ರೀಯ ಮಾಹಿತಿಯನ್ನು ಇಟ್ಟುಕೊಳ್ಳುವ ಘಟಕಕ್ಕೆ ಮಾಡೆಲ್ ಎನ್ನುತ್ತಾರೆ. ಜೆಟ್ರೀ ಜೊತೆಗೆ ಸಿದ್ಧವಾಗಿ ಬರುವ ಮಾಡೆಲ್‌ನ ಹೆಸರು ಡಿಫಾಲ್ಟ್‌ಟ್ರೀಮಾಡೆಲ್. ಅದರ ನೋಡ್‌ಗಳು ಸಾಮಾನ್ಯವಾಗಿ ಡಿಫಾಲ್ಟ್‌ಮ್ಯೂಟಬಲ್‌ಟ್ರೀನೋಡ್ ಎಂಬ ಕ್ಲಾಸಿನವು. ಪ್ರತಿ ನೋಡ್ ತನ್ನೊಳಗೆ ಯೂಸರ್ ಆಬ್ಜೆಕ್ಟ್ ಎಂದು ಒಂದನ್ನು ಇಟ್ಟುಕೊಳ್ಳುತ್ತದೆ. ನಮ್ಮಲ್ಲಿ ಅದು ಭಾಗದ ಪೂರ್ತಿ ವಿವರ ಇರುವ ಆಬ್ಜೆಕ್ಟ್. ತೆರೆಯ ಮೇಲೆ ಬರುವುದು ಅದರ ಟುಸ್ಟ್ರಿಂಗ್ (ಆಬ್ಜೆಕ್ಟನ್ನು ಪಠ್ಯವಾಗಿಸುವ ಮೆಥಡ್) ಕೊಡುವ ಪಠ್ಯವಷ್ಟೇ. ಈಗ ಒಬ್ಬರು ‘ಬೇರಿಂಗ್ 6205’ ಎಂಬ ಹೆಸರನ್ನು ‘ಬೇರಿಂಗ್ 6205-2ಆರ್‌ಎಸ್’ ಎಂದು ತಿದ್ದಿ ಎಂಟರ್ ಒತ್ತಿದರು ಎನ್ನೋಣ. ಎರಡೂ ಬದಿಗೆ ರಬ್ಬರ್ ಸೀಲ್ ಇರುವ ಬೇರಿಂಗ್ ಎಂದು ಗೊತ್ತಾಗಲಿ ಎಂಬ ಒಳ್ಳೆಯ ಉದ್ದೇಶದ ತಿದ್ದುಪಡಿ. ಎಡಿಟರ್‌ನಿಂದ ಹೊರಬರುವುದು ಬರೀ ಒಂದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಅದು ಮಾಡೆಲ್‌ನ ವ್ಯಾಲ್ಯೂಫಾರ್‌ಪಾತ್‌ಚೇಂಜ್ಡ್ ಎಂಬ ಮೆಥಡ್‌ಗೆ ಹೋಗುತ್ತದೆ. ಆ ಮೆಥಡ್ ಮಾಡುವುದು ಎರಡೇ ಕೆಲಸ: ಬಂದದ್ದನ್ನು ಯೂಸರ್ ಆಬ್ಜೆಕ್ಟ್‌ನ ಜಾಗದಲ್ಲಿ ಕೂರಿಸುವುದು, ನೋಡ್ ಬದಲಾಯಿತು ಎಂದು ಸಾರುವುದು. ಅಲ್ಲಿಗೆ ನಿಮ್ಮ ಆಬ್ಜೆಕ್ಟ್ ಹೋಯಿತು. ಅದರ ಜಾಗದಲ್ಲಿ ಇರುವುದು ಒಂದು ಸ್ಟ್ರಿಂಗ್. ಸ್ಟ್ರಿಂಗ್‌ಗೂ ಟುಸ್ಟ್ರಿಂಗ್ ಇರುವುದರಿಂದ ತೆರೆಯ ಮೇಲೆ ಏನೂ ಆಗಿಲ್ಲವೆಂಬಂತೆ ಹೊಸ ಹೆಸರು ಕಾಣುತ್ತದೆ. ಮನೆ ಖಾಲಿಯಾದ ಮೇಲೂ ಬಾಗಿಲ ಮೇಲಿನ ಹೆಸರಿನ ಫಲಕ ಉಳಿದ ಹಾಗೆ.

ಇದು ಗುಟ್ಟೇನೂ ಅಲ್ಲ. ನಿಮ್ಮದೇ ಆಬ್ಜೆಕ್ಟ್‌ಗಳನ್ನು ಇಟ್ಟಿದ್ದರೆ ಈ ಮೆಥಡ್ ಅನ್ನು ಓವರ್‌ರೈಡ್ ಮಾಡಬೇಕು (ನಿಮ್ಮದೇ ಆವೃತ್ತಿಯಿಂದ ಬದಲಿಸಬೇಕು) ಎಂದು ಆ ಕ್ಲಾಸಿನ ದಾಖಲೆಯಲ್ಲಿಯೇ ಇದೆ. ಆದರೆ ಒಂದು ಸಾಲಿಗೆ ಕೆಲಸ ಆಯಿತು ಅನ್ನಿಸಿದಾಗ ದಾಖಲೆ ಓದುವವರು ಯಾರು?

ಸಾಮಾನ್ಯವಾಗಿ ಇದು ಬೇಗ ಬಯಲಾಗಬೇಕು. ಮುಂದೆ ಆ ನೋಡ್‌ನಿಂದ ಭಾಗವನ್ನು ತೆಗೆಯಲು ಹೋದ ಕೋಡ್ ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್ (ತಪ್ಪು ಬಗೆಯ ಆಬ್ಜೆಕ್ಟ್ ಎಂಬ ದೋಷ) ಎಸೆಯುತ್ತದೆ. ನಮ್ಮ ಪುಣ್ಯಾತ್ಮರು ಅದನ್ನೂ ಸರಿಪಡಿಸಿದ್ದರು! ಉಳಿಸುವ ಲೂಪಿನಲ್ಲಿ ಇನ್‌ಸ್ಟನ್ಸ್‌ಆಫ್ ಪರೀಕ್ಷೆಯೊಂದನ್ನು ಸೇರಿಸಿ, ಆಬ್ಜೆಕ್ಟ್ ಭಾಗವಾಗಿದ್ದರೆ ಬರೆ, ಇಲ್ಲದಿದ್ದರೆ ಮುಂದಕ್ಕೆ ಹೋಗು ಎಂದಿದ್ದರು. ತಂತ್ರಾಂಶ ಬೀಳುವುದು ನಿಂತಿತು, ಮಾಹಿತಿ ಬೀಳತೊಡಗಿತು. ಹೆಸರು ತಿದ್ದಿದ ಪ್ರತಿಯೊಂದು ನೋಡ್ ಕಡತಕ್ಕೆ ಹೋಗದೆ ಉಳಿಯುತ್ತಿತ್ತು. ಅದು ಉಪಜೋಡಣೆಯಾಗಿದ್ದರೆ ಅದರ ಕೆಳಗಿನ ಇಡೀ ಕೊಂಬೆಯೂ ಜೊತೆಗೆ ಹೋಗುತ್ತಿತ್ತು. ತಿದ್ದಿದವರಿಗೆ ಅವತ್ತು ಎಲ್ಲವೂ ಕಣ್ಣೆದುರೇ ಇತ್ತು. ಮರುದಿನ ಕಡತ ತೆರೆದವರಿಗೆ ಇರಲಿಲ್ಲ. ಕ್ರ್ಯಾಷ್ ಆಗುವ ತಂತ್ರಾಂಶವನ್ನಾದರೂ ನಂಬಬಹುದು, ಹೀಗೆ ಬಾಯಿ ಕಟ್ಟಿದ ತಂತ್ರಾಂಶವನ್ನಲ್ಲ.

ಪರಿಹಾರ ಚಿಕ್ಕದು. ಡಿಫಾಲ್ಟ್‌ಟ್ರೀಮಾಡೆಲ್‌ನಿಂದ ನಿಮ್ಮದೊಂದು ಕ್ಲಾಸ್ ಮಾಡಿ, ವ್ಯಾಲ್ಯೂಫಾರ್‌ಪಾತ್‌ಚೇಂಜ್ಡ್ ಅನ್ನು ಓವರ್‌ರೈಡ್ ಮಾಡಿ, ಬಂದ ಸ್ಟ್ರಿಂಗನ್ನು ಆಬ್ಜೆಕ್ಟಿನ ಹೆಸರಿನ ಜಾಗಕ್ಕೆ ಮಾತ್ರ ಹಾಕಿ, ಆಮೇಲೆ ನೋಡ್‌ಚೇಂಜ್ಡ್ ಕರೆಯಿರಿ. ಕೊನೆಯದನ್ನು ಮರೆತರೆ ಹಳೆಯ ಅಗಲವೇ ಉಳಿದು, ಉದ್ದನೆಯ ಹೆಸರು ಬಾಲಕ್ಕೆ ಮೂರು ಚುಕ್ಕೆ ಹೊತ್ತು ನಿಲ್ಲುತ್ತದೆ. ಬಂದ ಸ್ಟ್ರಿಂಗ್ ಖಾಲಿಯೇ ಎಂದೂ ಅಲ್ಲೇ ಪರೀಕ್ಷಿಸಿ. ಖಾಲಿ ಹೆಸರಿನ ನೋಡ್ ಮೇಲೆ ಕ್ಲಿಕ್ ಮಾಡುವುದೂ ಕಷ್ಟ.

ಇನ್ನೊಂದು ಬಗೆಯ ನಷ್ಟವೂ ಇತ್ತು, ಅದು ತದ್ವಿರುದ್ಧ: ತಿದ್ದಿದ್ದು ಉಳಿಯುತ್ತಲೇ ಇರಲಿಲ್ಲ. ಹೆಸರು ಟೈಪ್ ಮಾಡಿ, ಎಂಟರ್ ಒತ್ತದೆ ಪಕ್ಕದ ನೋಡ್ ಮೇಲೆ ಕ್ಲಿಕ್ ಮಾಡಿದರೆ ಬರೆದದ್ದೆಲ್ಲ ರದ್ದು. ಸೆಟ್‌ಇನ್‌ವೋಕ್ಸ್‌ಸ್ಟಾಪ್‌ಸೆಲ್‌ಎಡಿಟಿಂಗ್ ಎಂಬ ಗುಣವನ್ನು ಟ್ರೂ ಮಾಡದಿದ್ದರೆ ಜೆಟ್ರೀ ನಡೆದುಕೊಳ್ಳುವುದೇ ಹೀಗೆ. ಮಧ್ಯದಲ್ಲಿ ತಡೆ ಬಂದರೆ ತಿದ್ದುಪಡಿಯನ್ನು ಅದು ಕೈಬಿಡುತ್ತದೆ. ತಡೆ ಎಂದರೆ ಬಳಕೆದಾರನ ಕ್ಲಿಕ್ ಮಾತ್ರವಲ್ಲ, ಟ್ರೀಯ ಮಾಹಿತಿ ಬದಲಾದರೂ ತಡೆಯೇ. ನಮ್ಮ ತಂತ್ರಾಂಶ ಸರ್ವರ್‌ನಿಂದ ಆಗಾಗ ಹೊಸ ಮಾಹಿತಿ ತಂದು ಟ್ರೀಗೆ ತುಂಬುತ್ತಿತ್ತು. ಒಬ್ಬರು ಟೈಪ್ ಮಾಡುತ್ತಿರುವಾಗಲೇ ಅಕ್ಷರಗಳು ಮಾಯವಾಗಿ ಹಳೆಯ ಹೆಸರು ಬಂದು ಕೂರುತ್ತಿತ್ತು. ಅವರು ಕೀಬೋರ್ಡ್ ಬದಲಾಯಿಸಿ ಕೊಡಿ ಎಂದು ಕೇಳಿದ್ದರು. ಈಗ ನಾವು ಆ ಗುಣವನ್ನು ಟ್ರೂ ಮಾಡಿದ್ದೇವೆ. ಜೊತೆಗೆ, ಈಸ್‌ಎಡಿಟಿಂಗ್ ಟ್ರೂ ಎಂದು ಹೇಳುತ್ತಿರುವಷ್ಟು ಹೊತ್ತು ಹೊರಗಿನಿಂದ ಬಂದ ಬದಲಾವಣೆಗಳನ್ನು ಸರದಿಯಲ್ಲಿ ಕಾಯಿಸುತ್ತೇವೆ. ಉಳಿಸುವ ಆದೇಶ ಬಂದಾಗ ಮೊದಲ ಕೆಲಸವೇ ಸ್ಟಾಪ್‌ಎಡಿಟಿಂಗ್ ಕರೆಯುವುದು. ಇಲ್ಲವಾದರೆ ಎಡಿಟರ್‌ನಲ್ಲಿರುವ ಪಠ್ಯ ಮಾಡೆಲ್‌ಗೆ ಬರುವ ಮೊದಲೇ ಕಡತ ಬರೆದು ಮುಗಿದಿರುತ್ತದೆ.

ಇನ್ನು, ತಿದ್ದುವ ಇರಾದೆಯೇ ಇಲ್ಲದವರು ತಿದ್ದುವುದೂ ಉಂಟು. ಡಿಫಾಲ್ಟ್ ಎಡಿಟರ್ ತೆರೆದುಕೊಳ್ಳುವುದು ಮೂರು ಕ್ಲಿಕ್‌ಗೆ, ಅಥವಾ ಕ್ಲಿಕ್ ಮಾಡಿ ತುಸು ತಡೆದು ಮತ್ತೆ ಕ್ಲಿಕ್ ಮಾಡಿದ 1200 ಮಿಲಿಸೆಕೆಂಡಿನ ಬಳಿಕ. ಆಯ್ಕೆಯಾಗಿರುವ ನೋಡ್ ಮೇಲೆ ಸುಮ್ಮನೆ ಇನ್ನೊಮ್ಮೆ ಒತ್ತಿದವರಿಗೆ ಇದು ಗೊತ್ತಿರುವುದಿಲ್ಲ.

ಎಳೆದು ಬಿಡುವ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ಜಾಗ ಇದು. ಒಂದು ಉಪಜೋಡಣೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೌಸ್‌ನಿಂದ ಎಳೆಯುವುದು. ಕೋಡ್ ನೋಡಿದರೆ ಎರಡೇ ಸಾಲು: ರಿಮೂವ್‌ನೋಡ್‌ಫ್ರಮ್‌ಪೇರೆಂಟ್ ಕರೆದು ಹಳೆಯ ಜಾಗದಿಂದ ತೆಗೆ, ಇನ್ಸರ್ಟ್‌ನೋಡ್‌ಇಂಟು ಕರೆದು ಹೊಸ ಜಾಗಕ್ಕೆ ಸೇರಿಸು. ಈ ಕ್ರಮ ಸರಿಯೇ. ಮೊದಲನೆಯ ಸಾಲನ್ನು ಬಿಟ್ಟರೆ ನೋಡ್ ಹಳೆಯ ತಂದೆಯಿಂದ (ಮೇಲಿನ ನೋಡ್‌ನಿಂದ) ಸದ್ದಿಲ್ಲದೆ ಕಳಚಿಕೊಳ್ಳುತ್ತದೆ, ಆದರೆ ಆ ಸುದ್ದಿ ಟ್ರೀಗೆ ಮುಟ್ಟುವುದಿಲ್ಲ. ತೊಂದರೆ ಇರುವುದು ಎರಡು ಸಾಲುಗಳ ನಡುವೆ. ಬಳಕೆದಾರ ಒಂದು ಜೋಡಣೆಯನ್ನು ಹಿಡಿದು, ಕೈ ಜಾರಿ, ಅದರದೇ ಒಳಗಿನ ಉಪಜೋಡಣೆಯ ಮೇಲೆ ಬಿಟ್ಟ ಎನ್ನಿ. ಮೊದಲ ಸಾಲು ಜೋಡಣೆಯನ್ನು ಟ್ರೀಯಿಂದ ತೆಗೆಯುತ್ತದೆ. ಎರಡನೆಯ ಸಾಲು ಅದನ್ನು ಅದರ ಮಗುವಿಗೇ ಮಗುವಾಗಿ ಸೇರಿಸಲು ಹೋಗುತ್ತದೆ. ನೋಡ್ ಒಪ್ಪುವುದಿಲ್ಲ, ಇಲ್ಲೀಗಲ್‌ಆರ್ಗ್ಯುಮೆಂಟ್‌ಎಕ್ಸೆಪ್ಷನ್ ಎಸೆಯುತ್ತದೆ. ಒಪ್ಪದಿರುವುದು ಸರಿ, ಆದರೆ ತೆಗೆದದ್ದು ತೆಗೆದದ್ದೇ. ಜೋಡಣೆ, ಅದರ ಮಕ್ಕಳು, ಮೊಮ್ಮಕ್ಕಳು ಎಲ್ಲ ಟ್ರೀಯಿಂದ ಆಚೆ.

ಎಕ್ಸೆಪ್ಷನ್ ಬಿದ್ದರೆ ಗೊತ್ತಾಗಬೇಕಲ್ಲ ಎನ್ನಬಹುದು. ಸ್ವಿಂಗ್‌ನ ಈವೆಂಟ್ ಥ್ರೆಡ್‌ನಲ್ಲಿ ಯಾರೂ ಹಿಡಿಯದ ಎಕ್ಸೆಪ್ಷನ್ ಬಂದರೆ ತಂತ್ರಾಂಶ ನಿಲ್ಲುವುದಿಲ್ಲ. ದೋಷದ ವಿವರ ಕನ್ಸೋಲ್‌ಗೆ ಮುದ್ರಣವಾಗಿ ಕೆಲಸ ಮುಂದುವರಿಯುತ್ತದೆ. ವಿಂಡೋಸ್‌ನಲ್ಲಿ ಜಾವಾಡಬ್ಲ್ಯೂ ಮೂಲಕ ತೆರೆದ ತಂತ್ರಾಂಶಕ್ಕೆ ಕನ್ಸೋಲ್ ಕಿಟಕಿಯೇ ಇರುವುದಿಲ್ಲ. ಹೀಗಾಗಿ ಆ ದೋಷ ವಿವರಗಳನ್ನೆಲ್ಲ ಯಾರೂ ನೋಡಿರಲಿಲ್ಲ. ದೊಡ್ಡ ಟ್ರೀಯಲ್ಲಿ ಒಂದು ಕೊಂಬೆ ಕಣ್ಣೆದುರಿನಿಂದ ಹೋದರೆ ಬಳಕೆದಾರ ಅಂದುಕೊಳ್ಳುವುದು, ಬೇರೆಲ್ಲೋ ಹೋಗಿ ಸೇರಿಕೊಂಡಿದೆ, ಆಮೇಲೆ ಹುಡುಕೋಣ ಎಂದು. ಆಮೇಲೆ ಉಳಿಸುತ್ತಾನೆ, ಮುಚ್ಚುತ್ತಾನೆ.

ಹೀಗೆಯೇ ಇನ್ನೊಂದು ಗುಂಡಿ. ಬಿಟ್ಟ ಜಾಗ ತಿಳಿಸುವ ಡ್ರಾಪ್‌ಲೊಕೇಶನ್ ಕೊಡುವ ಗೆಟ್‌ಚೈಲ್ಡ್‌ಇಂಡೆಕ್ಸ್, ಎರಡು ನೋಡ್‌ಗಳ ನಡುವೆ ಬಿಟ್ಟಾಗ ಸರಿಯಾದ ಸ್ಥಾನ ಹೇಳುತ್ತದೆ. ನೋಡ್‌ನ ಮೇಲೆಯೇ ಬಿಟ್ಟಾಗ −1 ಕೊಡುತ್ತದೆ. ಕೊನೆಗೆ ಸೇರಿಸು ಎಂದು ನೀವೇ ಅರ್ಥ ಮಾಡಿಕೊಳ್ಳಬೇಕು. ಅದನ್ನು ಹಾಗೆಯೇ ಇನ್ಸರ್ಟ್‌ನೋಡ್‌ಇಂಟುಗೆ ದಾಟಿಸಿದರೆ ಮತ್ತೆ ಎಕ್ಸೆಪ್ಷನ್, ಮತ್ತೆ ಕೊಂಬೆ ಗಾಳಿಯಲ್ಲಿ. ಒಂದೇ ತಂದೆಯ ಕೆಳಗೆ ನೋಡ್ ಅನ್ನು ಕೆಳಕ್ಕೆ ಸರಿಸುವಾಗ, ಮೊದಲು ತೆಗೆದಿರುವುದರಿಂದ ಮುಂದಿನ ಸ್ಥಾನಗಳೆಲ್ಲ ಒಂದೊಂದು ಮೇಲೆ ಬಂದಿರುತ್ತವೆ. ಲೆಕ್ಕದಲ್ಲಿ ಒಂದು ಕಳೆಯದಿದ್ದರೆ ನೋಡ್ ಒಂದು ಸ್ಥಾನ ಕೆಳಗೆ ಕೂರುತ್ತದೆ, ಕೊನೆಯ ಸ್ಥಾನಕ್ಕೆ ಎಳೆದಿದ್ದರಂತೂ ಮತ್ತದೇ ಕಥೆ.

ಆದ್ದರಿಂದ ಪರೀಕ್ಷೆಗಳೆಲ್ಲ ತೆಗೆಯುವುದಕ್ಕೆ ಮೊದಲು ಮುಗಿಯಬೇಕು. ಬಿಡುವ ಜಾಗ ಎಳೆದ ನೋಡ್‌ನ ಒಳಗಿದೆಯೇ ಎಂದು ಈಸ್‌ನೋಡ್‌ಆನ್ಸೆಸ್ಟರ್ ಮೂಲಕ ಕೇಳಿ. ಎಳೆದು ಬಿಡುವುದನ್ನು ನಿಭಾಯಿಸುವ ಟ್ರಾನ್ಸ್‌ಫರ್‌ಹ್ಯಾಂಡ್ಲರ್‌ನ ಕ್ಯಾನ್‌ಇಂಪೋರ್ಟ್‌ನಲ್ಲೇ ಫಾಲ್ಸ್ ಹೇಳಿದರೆ ಬಿಡಲಾಗದು ಎಂಬ ಗುರುತು ಬಳಕೆದಾರನಿಗೆ ಆಗಲೇ ಕಾಣುತ್ತದೆ. ಒಟ್ಟಿಗೆ ಹಲವು ನೋಡ್‌ಗಳನ್ನು ಎಳೆಯಲು ಬಿಟ್ಟಿದ್ದರೆ ತಂದೆಯೂ ಮಗುವೂ ಎರಡೂ ಆಯ್ಕೆಯಾಗಿರಬಹುದು, ಮಗುವನ್ನು ಪಟ್ಟಿಯಿಂದ ಬಿಡಿ. ಕತ್ತರಿಸಿ ಅಂಟಿಸುವ ದಾರಿಗೂ ಇದೇ ಪರೀಕ್ಷೆ ಬೇಕು. ನಮ್ಮಲ್ಲಿ ಮೌಸ್‌ಗೆ ಬೇಲಿ ಹಾಕಿದ ಮೇಲೂ ಕಂಟ್ರೋಲ್-ಎಕ್ಸ್ ದಾರಿ ತೆರೆದೇ ಇತ್ತು. ಇಷ್ಟೆಲ್ಲಕ್ಕೂ ಮೊದಲು, ಯಾರೂ ಹಿಡಿಯದ ಎಕ್ಸೆಪ್ಷನ್‌ಗಳನ್ನು ಹಿಡಿಯಲು ಸೆಟ್‌ಡಿಫಾಲ್ಟ್‌ಅನ್‌ಕಾಟ್‌ಎಕ್ಸೆಪ್ಷನ್‌ಹ್ಯಾಂಡ್ಲರ್ ಹಾಕಿ, ಬಿದ್ದ ದೋಷವನ್ನು ಕಡತಕ್ಕೆ ಬರೆದು, ಬಳಕೆದಾರನಿಗೂ ಒಂದು ಸಂದೇಶ ತೋರಿಸಿ.

ಹೊರಗಿನ ತಂಡದವರ ಇನ್ನೊಂದು ಮೆಚ್ಚಿನ ಅಸ್ತ್ರ ರೀಲೋಡ್. ಏನೇ ಬದಲಾದರೂ ಮಾಡೆಲ್‌ನ ರೀಲೋಡ್ ಕರೆದುಬಿಡುವುದು. ಇಡೀ ರಚನೆಯೇ ಬದಲಾಯಿತೆಂದು ಜೆಟ್ರೀ ತಿಳಿದು, ಬಳಕೆದಾರ ಹಂತಹಂತವಾಗಿ ತೆರೆದುಕೊಂಡಿದ್ದ ಕೊಂಬೆಗಳನ್ನೆಲ್ಲ ಮುಚ್ಚಿಬಿಡುತ್ತದೆ. ಆಳದಲ್ಲಿರುವ ಒಂದು ಬೋಲ್ಟ್‌ನ ಹೆಸರು ತಿದ್ದಿದವರು ಮತ್ತೆ ಬೇರಿನಿಂದ ಶುರುಮಾಡಬೇಕು. ಸೇರಿದ್ದಕ್ಕೆ, ಅಳಿದದ್ದಕ್ಕೆ, ಬದಲಾದದ್ದಕ್ಕೆ ಬೇರೆ ಬೇರೆ ಸೂಚನೆಗಳಿವೆ. ಅವನ್ನೇ ಬಳಸಿ.

ಇದನ್ನೆಲ್ಲ ನೋಡಿ ನಿಮ್ಮದೇ ನೋಡ್ ಕ್ಲಾಸ್ ಬರೆಯಲು ಹೊರಟರೆ ಒಂದು ಮಾತು. ಎರಡು ಆಬ್ಜೆಕ್ಟ್‌ಗಳು ಒಂದೇ ಎಂದು ತೀರ್ಮಾನಿಸುವ ಈಕ್ವಲ್ಸ್, ಅದರ ಜೊತೆಗಾರ ಹ್ಯಾಷ್‌ಕೋಡ್, ಇವೆರಡನ್ನೂ ಹೆಸರಿನ ಮೇಲೆ ಕಟ್ಟಬೇಡಿ. ಯಾವ ಕೊಂಬೆ ತೆರೆದಿದೆ ಎಂಬ ಲೆಕ್ಕವನ್ನು ಜೆಟ್ರೀ ಟ್ರೀಪಾತ್ (ಬೇರಿನಿಂದ ನೋಡ್‌ವರೆಗಿನ ದಾರಿ) ಆಧಾರದ ಹ್ಯಾಷ್ ಕೋಷ್ಟಕದಲ್ಲಿ ಇಡುತ್ತದೆ, ಟ್ರೀಪಾತ್‌ನ ಹ್ಯಾಷ್ ಬರುವುದು ಕೊನೆಯ ನೋಡ್‌ನ ಹ್ಯಾಷ್‌ನಿಂದ. ಹೆಸರು ತಿದ್ದಿದ ಕ್ಷಣ ಹ್ಯಾಷ್ ಬದಲಾಗಿ ಹಳೆಯ ಲೆಕ್ಕ ಕೈಗೆ ಸಿಗುವುದಿಲ್ಲ. ಒಂದೇ ಜೋಡಣೆಯ ಕೆಳಗೆ ಒಂದೇ ಹೆಸರಿನ ಎರಡು ಬೋಲ್ಟ್‌ಗಳಿದ್ದರೆ ಜೆಟ್ರೀ ಎರಡನ್ನೂ ಒಂದೇ ಎಂದು ತಿಳಿಯುತ್ತದೆ. ಅನ್‌ಡು ಬರೆಯುವವರು ಸಾಲಿನ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವುದೂ ಇದೇ ಜಾತಿಯ ತಪ್ಪು. ನಡುವೆ ಒಂದು ಕೊಂಬೆ ತೆರೆದರೆ ಅಥವಾ ಮುಚ್ಚಿದರೆ ಅದರ ಕೆಳಗಿನ ಸಾಲಿನ ಸಂಖ್ಯೆಗಳೆಲ್ಲ ಬದಲಾಗುತ್ತವೆ.

ಕೊನೆಗೆ ನಾವು ಟ್ರೀಯೊಳಗಿನ ತಿದ್ದುಪಡಿಯನ್ನು ಹೆಸರಿಗೆ ಮಾತ್ರ ಉಳಿಸಿ, ಮಿಕ್ಕ ವಿವರಗಳನ್ನು ಬಲಬದಿಯ ಫಾರ್ಮ್‌ಗೆ ಸಾಗಿಸಿದೆವು. ಆಯ್ಕೆಯಾದ ನೋಡ್‌ನ ವಿವರ ಅಲ್ಲಿ ಕಾಣುತ್ತದೆ, ತಿದ್ದುವುದೂ ಅಲ್ಲೇ. ಹೊಸದಾಗಿ ಕಟ್ಟುವವರು ಶುರುವಿನಿಂದಲೇ ಹೀಗೆ ಮಾಡಿದರೆ ಅರ್ಧ ತಲೆನೋವು ತಪ್ಪುತ್ತದೆ. ಹೆಸರನ್ನೂ ಫಾರ್ಮ್‌ನಲ್ಲೇ ತಿದ್ದಿಸಿದರೆ ಇನ್ನೂ ಒಳ್ಳೆಯದು, ಆದರೆ ಎಫ್2 ಒತ್ತುವ ಅಭ್ಯಾಸ ಇರುವವರು ಒಪ್ಪುವುದಿಲ್ಲ.

ಈಗಾಗಲೇ ಇಂಥ ಟ್ರೀ ಬಳಕೆಯಲ್ಲಿದ್ದರೆ ಕಡತದ ಒಂದು ನಕಲನ್ನು ತೆಗೆದುಕೊಂಡು ಪರೀಕ್ಷಿಸಿ. ಒಂದು ಹೆಸರು ತಿದ್ದಿ, ಉಳಿಸಿ, ಮುಚ್ಚಿ, ಮತ್ತೆ ತೆರೆದು ಆ ಭಾಗದ ಬೇರೆ ವಿವರಗಳು ಇವೆಯೇ ನೋಡಿ. ಒಂದು ಕೊಂಬೆಯನ್ನು ಅದರದೇ ಮರಿಯ ಮೇಲೆ ಎಳೆದು ಬಿಡಿ. ಎರಡರಲ್ಲಿ ಯಾವುದು ಕೈಕೊಟ್ಟರೂ ಮೊದಲು ಬಳಕೆದಾರರಿಗೆ ತಿದ್ದುವುದನ್ನು ನಿಲ್ಲಿಸಲು ಹೇಳಿ, ಹಳೆಯ ಬ್ಯಾಕಪ್‌ಗಳನ್ನು ಯಾರೂ ಅಳಿಸದಂತೆ ನೋಡಿಕೊಳ್ಳಿ. ಹೊಸ ಕಡತದಲ್ಲಿ ಇಲ್ಲದ ಭಾಗ ಸಂಖ್ಯೆಗಳನ್ನು ಹಳೆಯ ಬ್ಯಾಕಪ್‌ನೊಂದಿಗೆ ಹೋಲಿಸಿ ಪಟ್ಟಿ ಮಾಡಿದರೆ ಕಳೆದುಹೋದವುಗಳಲ್ಲಿ ಬಹುಪಾಲು ಸಿಗುತ್ತವೆ. ನಿಜವಾಗಿ ಅಳಿಸಿದ್ದು ಯಾವುದು, ತಂತ್ರಾಂಶ ನುಂಗಿದ್ದು ಯಾವುದು ಎಂಬುದನ್ನು ಬೇರ್ಪಡಿಸಲು ಮಾತ್ರ ಕಂಪ್ಯೂಟರ್ ನೆರವಾಗುವುದಿಲ್ಲ. ವಿನ್ಯಾಸ ವಿಭಾಗದವರ ಜೊತೆ ಕೂತು ಒಂದೊಂದನ್ನೇ ಕೇಳಬೇಕು.