ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್: ಯಾಗರ್‌ಗಾಗಿ ಹುಡುಕಾಟ

ಐಸ್ ಹಾಕಿ ಇಷ್ಟಪಡುವವರು ಟೊರಾಂಟೊಗೆ ಹೋದರೆ ಹಾಕಿ ಹಾಲ್ ಆಫ್ ಫೇಮ್ ನೋಡದೆ ಬರಬೇಡಿ, ಇದು ಈ ಆಟದ ದಿಗ್ಗಜರನ್ನು ಗೌರವಿಸುವ ಮ್ಯೂಸಿಯಂ. ಯೂನಿಯನ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಕೆಳಗಿನ ಅಂತಸ್ತಿನಲ್ಲಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹೊಡೆಯುವ, ಗೋಲ್ ತಡೆಯುವ ಆಟಗಳಿವೆ, ಮಕ್ಕಳು ಜೊತೆಗಿದ್ದರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ನಾನು ಮಾತ್ರ ಬೇಗ ಮೇಲಕ್ಕೆ ಹತ್ತಿದೆ. ಯಾರೊಮಿರ್ ಯಾಗರ್ ನನ್ನ ಅಚ್ಚುಮೆಚ್ಚಿನ ಫಾರ್ವರ್ಡ್, ಅವರನ್ನು ಹುಡುಕಬೇಕಿತ್ತು.

ಮೇಲಿರುವುದು 1885ರ ಹಳೇ ಬ್ಯಾಂಕ್ ಕಟ್ಟಡ. ತಲೆ ಎತ್ತಿದರೆ ಬಣ್ಣದ ಗಾಜಿನ ಗುಮ್ಮಟ, ಎದುರಿಗೆ ಸ್ಟಾನ್ಲಿ ಕಪ್, ಅಂದರೆ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್) ಗೆದ್ದ ತಂಡಕ್ಕೆ ಸಿಗುವ ಟ್ರೋಫಿ. ಅದನ್ನು ಮುಟ್ಟಬಹುದು! ಸುಮ್ನೆ ಫೋಟೊ ತೆಗೆದುಕೊಂಡು ಹೊರಡಬೇಡಿ, ಬಗ್ಗಿ ಅದರ ಮೇಲೆ ಕೊರೆದಿರುವ ಗೆದ್ದ ತಂಡದವರ ಹೆಸರುಗಳನ್ನು ಓದಿ. 1984ರ ಎಡ್ಮಂಟನ್ ತಂಡದಲ್ಲಿ ಈ ಆಟದ ದೊಡ್ಡ ಹೆಸರು ವೇಯ್ನ್ ಗ್ರೆಟ್ಸ್ಕಿ ಸಿಗುತ್ತಾರೆ. ಅದೇ ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಉದ್ದಕ್ಕೂ ಎಕ್ಸ್ ಎಕ್ಸ್ ಅಂತ ಕೊರೆದಿದ್ದಾರೆ. ತಂಡದ ಮಾಲೀಕರು ತಮ್ಮ ತಂದೆಯ ಹೆಸರನ್ನೂ ಸೇರಿಸಿಬಿಟ್ಟಿದ್ದರು, ಅವರಿಗೂ ತಂಡಕ್ಕೂ ಸಂಬಂಧವೇ ಇರಲಿಲ್ಲ, ಅದಕ್ಕೆ ಅಳಿಸಿದ್ದು. ಇನ್ನು 1991 ಮತ್ತು 1992ರ ಪಿಟ್ಸ್‌ಬರ್ಗ್ ಸಾಲುಗಳಲ್ಲಿ ಯಾಗರ್ ಸಿಕ್ಕಿದರು. ಬೆರಳಿಟ್ಟು ಎರಡು ಸಲ ಓದಿದೆ.

ಆದರೆ ಹಾಲ್ ಆಫ್ ಫೇಮ್‌ಗೆ ಸೇರಿದವರ ಗಾಜಿನ ಫಲಕಗಳ ಗೋಡೆಯಲ್ಲಿ ಅವರಿಲ್ಲ. 1733 ಪಂದ್ಯ, 766 ಗೋಲು, ಒಟ್ಟು 1921 ಪಾಯಿಂಟ್ (ಗೋಲು ಮತ್ತು ಗೋಲಿಗೆ ಕೊಟ್ಟ ಸಹಾಯ ಸೇರಿ), ಎನ್‌ಎಚ್‌ಎಲ್‌ನಲ್ಲಿ ಪಾಯಿಂಟ್ ಲೆಕ್ಕದಲ್ಲಿ ಗ್ರೆಟ್ಸ್ಕಿ ಒಬ್ಬರೇ ಇವರಿಗಿಂತ ಮುಂದೆ. ಮತ್ತೆ ಯಾಕಿಲ್ಲ? ಆಟ ನಿಲ್ಲಿಸಿ 3 ವರ್ಷ ಕಳೆದಿರಬೇಕು ಅನ್ನೋದು ಇಲ್ಲಿಯ ನಿಯಮ, ಈ ಮನುಷ್ಯ ನಿಲ್ಲಿಸಿದರೆ ತಾನೇ! 2008ರಲ್ಲಿ ರಷ್ಯಾದ ಓಮ್ಸ್ಕ್‌ಗೆ ಹೋದರು, ಅಲ್ಲಿಗೆ ಮುಗೀತು ಅಂದುಕೊಂಡರೆ 2011ರಲ್ಲಿ ವಾಪಸ್ ಬಂದು, ಮೊದಲಿನವೂ ಸೇರಿ ಒಟ್ಟು 9 ಎನ್‌ಎಚ್‌ಎಲ್ ತಂಡಗಳಿಗೆ ಆಡಿ, ಆಮೇಲೆ ಜೆಕ್ ದೇಶದ ತಮ್ಮೂರು ಕ್ಲಾಡ್ನೊದ ತಮ್ಮದೇ ತಂಡಕ್ಕೆ 50 ದಾಟಿದ ಮೇಲೂ ಸ್ಕೇಟ್ ಕಟ್ಟಿದರು.

ಪಿಟ್ಸ್‌ಬರ್ಗ್‌ನಲ್ಲಿ ಯಾಗರ್ ಜೊತೆಗಾರರಾಗಿದ್ದ ಮಾರಿಯೋ ಲೆಮ್ಯೂ ಗೋಡೆಯಲ್ಲಿದ್ದಾರೆ. ಅವರಿಗೆ ಕಾಯುವ ನಿಯಮವನ್ನೇ ಬಿಟ್ಟು 1997ರಲ್ಲಿ ಸೇರಿಸಿದ್ದರು. 2000ದ ಡಿಸೆಂಬರ್‌ನಲ್ಲಿ ಲೆಮ್ಯೂ ಮತ್ತೆ ಐಸ್‌ಗೆ ಇಳಿದೇಬಿಟ್ಟರು, 33ನೇ ಸೆಕೆಂಡಿಗೇ ಅವರ ಸಹಾಯದಿಂದ ಒಂದು ಗೋಲು ಬಂತು. ಹೊಡೆದವರು ಯಾಗರ್! ಆ ಫಲಕದ ಮುಂದೆ ನಾನು ನಿಂತಿದ್ದೇ ಜಾಸ್ತಿ ಹೊತ್ತು.

ಒಂದು ಮಾತು, ಕಪ್ ಆಗಾಗ ಊರೂರು ಸುತ್ತುತ್ತಿರುತ್ತದೆ, ಅಲ್ಲೇ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಅರ್ಧ ದಿನ ಇಟ್ಟುಕೊಂಡು ಹೋಗಿ. ಯಾಗರ್ ಫಲಕ ಬಂದ ವರ್ಷ ನಾನಂತೂ ಮತ್ತೆ ಟಿಕೆಟ್ ತಗೊಳ್ಳುತ್ತೇನೆ.