ಬಾಡಿಗೆಗೆ ಬಂದ ಜೈವಿಕ ತಂತ್ರಜ್ಞಾನದ ಪೆಟ್ಟಿಗೆ

ದ್ವಿತೀಯ ಪಿಯುಸಿ ಪುಸ್ತಕದಲ್ಲಿರುವ, ವಿದ್ಯುತ್ತು ಹರಿಸಿ ಡಿಎನ್‌ಎ ತುಂಡುಗಳನ್ನು ಗಾತ್ರಕ್ಕೆ ತಕ್ಕಂತೆ ಪಟ್ಟಿಗಳಾಗಿ ಬೇರ್ಪಡಿಸುವ ಅಗರೋಸ್ ಜೆಲ್‌ನ ಚಿತ್ರವನ್ನು ಹಲಗೆಯ ಮೇಲೆ ಬರೆದು, ಬಣ್ಣದ ಸೀಮೆಸುಣ್ಣದಿಂದ ಪಟ್ಟಿಗಳನ್ನು ಎಳೆದು ತೋರಿಸುವುದರಲ್ಲಿಯೇ ಇಷ್ಟು ವರ್ಷಗಳ ನನ್ನ ಪಾಠ ಮುಗಿಯುತ್ತಿತ್ತು. ಸೇಡಂ ತಾಲ್ಲೂಕಿನ ನಮ್ಮ ಕಾಲೇಜಿಗೆ ಈ ವರ್ಷ ಹೈದರಾಬಾದಿನ ಒಂದು ಸಂಸ್ಥೆಯಿಂದ ಜೈವಿಕ ತಂತ್ರಜ್ಞಾನದ ಉಪಕರಣಗಳ ಪೆಟ್ಟಿಗೆಯನ್ನು ಬಾಡಿಗೆಗೆ ತರಿಸಿದೆವು. ಅದಕ್ಕೂ ಮೊದಲು ಕಲಬುರಗಿಯಲ್ಲಿ ಉಪನ್ಯಾಸಕರಿಗೆ ಎರಡು ದಿನಗಳ ತರಬೇತಿಯನ್ನು ಅವರೇ ನಡೆಸಿದರು.

ಈ ಸೇವೆಯಲ್ಲಿ ಹಣಕ್ಕೆ ತಕ್ಕ ಭಾಗವೆಂದರೆ ಆ ತರಬೇತಿಯೇ. ಭಾಷಣವಿರಲಿಲ್ಲ. ಹನಿಗಿಂತಲೂ ಕಡಿಮೆ ದ್ರವವನ್ನು ಅಳೆದು ಹಾಕುವ ಮೈಕ್ರೋಪಿಪೆಟ್ಟನ್ನು ಕೈಗೆ ಕೊಟ್ಟು, ಬಣ್ಣದ ನೀರನ್ನು ಜೆಲ್‌ನ ಗುಳಿಗಳಿಗೆ ಇಳಿಸಲು ಹೇಳಿದರು. ಬಂದಿದ್ದವರಲ್ಲಿ ಅರ್ಧ ಜನ ಗುಳಿಯ ತಳವನ್ನೇ ಚುಚ್ಚಿದೆವು. ಇಪ್ಪತ್ತು ವರ್ಷ ಪಾಠ ಮಾಡಿದವರು ವಿದ್ಯಾರ್ಥಿಗಳ ಮುಂದೆ ಮೊದಲ ಸಲ ಕೈ ನಡುಗಿಸುವುದಕ್ಕಿಂತ, ಪರಸ್ಪರರ ಮುಂದೆ ನಡುಗಿಸಿಕೊಂಡದ್ದು ಒಳ್ಳೆಯದಾಯಿತು.

ಪೆಟ್ಟಿಗೆಯಲ್ಲಿ ಇಕೋ ಆರ್-ವನ್ ಕಿಣ್ವದಿಂದ ಮೊದಲೇ ಕತ್ತರಿಸಿದ ಲ್ಯಾಂಬ್ಡಾ ವೈರಸ್‌ನ ಡಿಎನ್‌ಎ ಇರುತ್ತದೆ. ಒಟ್ಟು 48,502 ಬೇಸ್ ಜೋಡಿಗಳಿರುವ (ಡಿಎನ್‌ಎಯ ಉದ್ದವನ್ನು ಎಣಿಸುವುದು ಈ ಜೋಡಿಗಳಲ್ಲಿ) ಆ ಎಳೆಯನ್ನು ಕಿಣ್ವವು ಐದು ಕಡೆ ಕತ್ತರಿಸುವುದರಿಂದ ಆರು ತುಂಡುಗಳಾಗಬೇಕು. ಶೇಕಡಾ 1ರ ಜೆಲ್‌ನಲ್ಲಿ ನಮ್ಮ ಮಕ್ಕಳಿಗೆ ಕಂಡದ್ದು ಐದೇ ಪಟ್ಟಿ. ತಪ್ಪು ತಮ್ಮದೇ ಎಂದುಕೊಂಡು ಒಂದು ಗುಂಪು ಜೆಲ್ಲನ್ನು ಬಿಸಾಡಲು ಹೊರಟಿತ್ತು. 5,804 ಮತ್ತು 5,643 ಜೋಡಿಗಳ ಎರಡು ತುಂಡುಗಳು ಬಹುತೇಕ ಒಂದೇ ವೇಗದಲ್ಲಿ ಸಾಗಿ ಒಂದೇ ಪಟ್ಟಿಯಂತೆ ಕಾಣುತ್ತವೆ ಎಂಬ ಸಾಲು ಕೈಪಿಡಿಯಲ್ಲಿ ಇರಲೇಬೇಕಿತ್ತು. ಪುಸ್ತಕದಲ್ಲಿ ಓದಿದಂತೆ ಪಟ್ಟಿಗಳು ಕಿತ್ತಳೆ ಬಣ್ಣದಲ್ಲಿ ಏಕಿಲ್ಲ ಎಂದು ಒಬ್ಬ ಹುಡುಗಿ ಕೇಳಿದಳು. ಎಥಿಡಿಯಂ ಬ್ರೋಮೈಡ್ ಮತ್ತು ಅತಿನೇರಳೆ ಬೆಳಕಿನ ಬದಲು ಅಪಾಯ ಕಡಿಮೆಯಿರುವ ಬಣ್ಣವನ್ನೂ ನೀಲಿ ಬೆಳಕನ್ನೂ ಕೊಟ್ಟಿದ್ದರಿಂದ ಪಟ್ಟಿಗಳು ಹಸಿರಾಗಿ ಕಾಣುತ್ತಿದ್ದವು. ಈ ಆಯ್ಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ.

ಹೊರಗಿನ ವಂಶವಾಹಿಯನ್ನು ಸೇರಿಸಿ ಹೊಳೆಯುವ ಬ್ಯಾಕ್ಟೀರಿಯಾ ತಯಾರಿಸುವ ಪ್ರಯೋಗವಿಲ್ಲವೆಂದು ತರಬೇತಿಯಲ್ಲಿ ಕೆಲವರು ಬೇಸರಪಟ್ಟರು. ತಳಿ ಮಾರ್ಪಡಿಸಿದ ಜೀವಿಗಳ ಬಳಕೆಗೆ ನಮ್ಮ ದೇಶದಲ್ಲಿ 1989ರ ನಿಯಮಗಳಿವೆ. ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವ್ ಕೂಡ ಇಲ್ಲದ ಕಾಲೇಜುಗಳಿಗೆ ಜೀವಂತ ಬ್ಯಾಕ್ಟೀರಿಯಾ ಕಳುಹಿಸದಿರುವುದೇ ಸರಿ. (ಆ ಪ್ರಯೋಗದಲ್ಲಿ ಬ್ಯಾಕ್ಟೀರಿಯಾವನ್ನು ಮಂಜುಗಡ್ಡೆಯಿಂದ ತೆಗೆದು ಕ್ಷಣಕಾಲ 42 ಡಿಗ್ರಿಯಲ್ಲಿಡಬೇಕು, ಮೇ ತಿಂಗಳಲ್ಲಾದರೆ ನಮ್ಮಲ್ಲಿ ಅದಕ್ಕೆ ಬಿಸಿನೀರು ಕಾಯಿಸುವ ಕೆಲಸವೇ ಇಲ್ಲ, ಮಂಜುಗಡ್ಡೆಯದ್ದೇ ಚಿಂತೆ.)

ಕೈಪಿಡಿಯನ್ನು ಬರೆದವರು ನಮ್ಮ ಭಾಗವನ್ನು ನೋಡಿದಂತಿಲ್ಲ. ಡಿಎನ್‌ಎ ಬೇರ್ಪಡಿಸಲು ಸ್ಟ್ರಾಬೆರಿ ತನ್ನಿರಿ ಎನ್ನುತ್ತದೆ. ಒಂದೊಂದು ಕೋಶದಲ್ಲಿ ವರ್ಣತಂತುಗಳ ಎಂಟು ಪೂರ್ಣ ಗುಂಪುಗಳಿರುವುದರಿಂದ ಆ ಹಣ್ಣು ಅನುಕೂಲವೇನೋ ನಿಜ, ಆದರೆ ಸೇಡಂ ಸಂತೆಯಲ್ಲಿ ಅದನ್ನು ಎಲ್ಲಿಂದ ತರುವುದು? ನಾವು ಪಪ್ಪಾಯಿಯನ್ನೂ ರಾತ್ರಿ ನೆನೆಸಿದ ತೊಗರಿಯನ್ನೂ ಬಳಸಿದೆವು. ಉಪ್ಪು, ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿ ಸೋಸಿ, ತಣ್ಣನೆಯ ಆಲ್ಕೋಹಾಲನ್ನು ಮೆಲ್ಲಗೆ ಸುರಿದಾಗ ಎರಡರಲ್ಲಿಯೂ ಬಿಳಿ ಎಳೆಗಳು ಮೇಲೆದ್ದವು. ಮನೆಯ ಹೊಲದ ತೊಗರಿಯಿಂದ ಬಂದ ಎಳೆಯನ್ನು ಕಡ್ಡಿಗೆ ಸುತ್ತಿಕೊಂಡ ಹುಡುಗನೊಬ್ಬ ಗಂಟೆ ಹೊಡೆದರೂ ಅದನ್ನು ಕೆಳಗಿಡಲಿಲ್ಲ.

ದೊಡ್ಡ ತೊಂದರೆ ಕೊಟ್ಟದ್ದು ನೀರು. ಬಟ್ಟಿ ಇಳಿಸಿದ ನೀರನ್ನು ಸಂಸ್ಥೆ ಕಳುಹಿಸುವುದಿಲ್ಲ. ಮೊದಲ ದಿನ ಕೊಳವೆಬಾವಿಯ ನೀರಿನಲ್ಲಿಯೇ ಬಫರ್ (ಜೆಲ್ಲನ್ನು ಮುಳುಗಿಸಿ ವಿದ್ಯುತ್ತು ಹರಿಸುವ ದ್ರಾವಣ) ತಯಾರಿಸಿದೆವು. ಲವಣ ಹೆಚ್ಚಿರುವ ಆ ನೀರಿನಲ್ಲಿ ವಿದ್ಯುತ್ತು ಅಗತ್ಯಕ್ಕಿಂತ ಹೆಚ್ಚು ಹರಿದು, ಜೆಲ್ ಬಿಸಿಯಾಗಿ, ಪಟ್ಟಿಗಳೆಲ್ಲ ಕಲಸಿಹೋದವು. ಎರಡನೆಯ ದಿನ ಬ್ಯಾಟರಿ ಅಂಗಡಿಯಿಂದ ನೀರು ತರಿಸಿದ ಮೇಲೆ ಸರಿಹೋಯಿತು. ಸಹಾಯಕ್ಕೆ ಕರೆ ಮಾಡಿದಾಗ ಉತ್ತರಿಸಿದವರು ಸೌಜನ್ಯದಿಂದಲೇ ಮಾತನಾಡಿದರೂ, ನಮ್ಮ ನೀರಿನ ವಿಷಯ ಅವರಿಗೆ ಹೊಳೆಯಲಿಲ್ಲ.

ಬಾಡಿಗೆ ಒಂದೇ ಕಾಲೇಜಿಗೆ ಭಾರ. ಮೂರು ಕಾಲೇಜುಗಳು ಹಂಚಿಕೊಂಡರೆ ಪ್ರಯೋಗಾಲಯದ ನಿಧಿಯಲ್ಲಿಯೇ ಸರಿಹೊಂದುತ್ತದೆ. ಕೈಪಿಡಿಯ ಕನ್ನಡ ಅನುವಾದ ಇನ್ನೂ ಬಂದಿಲ್ಲ. ಮುಂದಿನ ವರ್ಷಕ್ಕೆ ಡಿಸೆಂಬರಿನ ಮೊದಲ ವಾರವನ್ನು ಕಾಯ್ದಿರಿಸಿದ್ದೇವೆ. ಪೆಟ್ಟಿಗೆ ಬರುವ ಮುನ್ನವೇ ಬ್ಯಾಟರಿ ನೀರಿನ ಎರಡು ಕ್ಯಾನುಗಳು ನಮ್ಮ ಕಪಾಟಿನಲ್ಲಿರುತ್ತವೆ.