ಒಳಾಂಗಣ ಚಿತ್ರ: ಗೋಡೆಗೆ ನೇರವಾಗಿ ನಿಲ್ಲಬೇಕೆ, ಮೂಲೆಯಿಂದ ನೋಡಬೇಕೆ?

ಕೋಣೆಯ ಫೋಟೊ ತೆಗೆಯುತ್ತಿರಲಿ, ಕಂಪ್ಯೂಟರಿನಲ್ಲಿ ಕೋಣೆಯ ಚಿತ್ರ ರಚಿಸುತ್ತಿರಲಿ (ರೆಂಡರ್), ಮೊದಲು ತೀರ್ಮಾನವಾಗಬೇಕಾದದ್ದು ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಎಂಬುದು. ಬೆಳಕು, ಬಣ್ಣ ಎಲ್ಲ ಆಮೇಲೆ.

ಎದುರಿನ ಗೋಡೆಗೆ ಸಮಾನಾಂತರವಾಗಿ ನಿಂತರೆ ಅಡ್ಡಗೆರೆಗಳು ಅಡ್ಡವಾಗಿಯೇ ಉಳಿದು, ಆಳಕ್ಕೆ ಸಾಗುವ ಗೆರೆಗಳೆಲ್ಲ ಒಂದೇ ಬಿಂದುವಿನತ್ತ ಸೇರುತ್ತವೆ. ಕಣ್ಣು ನೇರ ಅಲ್ಲಿಗೇ ಓಡುತ್ತದೆ. ಹಾಗಾಗಿ ಅಲ್ಲಿ ಕಿಟಕಿಯೋ ಮೆಟ್ಟಿಲೋ, ನೋಡತಕ್ಕದ್ದು ಏನಾದರೂ ಇರಲೇಬೇಕು. ಉದ್ದನೆಯ ಪಡಸಾಲೆಗೆ, ಎಡಬಲ ಸಮನಾಗಿರುವ ಸಭಾಂಗಣಕ್ಕೆ ಇದಕ್ಕಿಂತ ಒಳ್ಳೆಯ ನೋಟವಿಲ್ಲ. ಆದರೆ ಇದು ತಪ್ಪನ್ನು ಕ್ಷಮಿಸುವುದಿಲ್ಲ. ಕ್ಯಾಮೆರಾ ಒಂದೆರಡು ಡಿಗ್ರಿ ಪಕ್ಕಕ್ಕೆ ತಿರುಗಿದರೂ ಚಾವಣಿಯ ಅಂಚು ಓರೆಯಾಗಿ, ಇಡೀ ಚಿತ್ರ ಅರೆಮನಸ್ಸಿನ ಕೆಲಸದಂತೆ ಕಾಣುತ್ತದೆ.

ಮೂಲೆಯಿಂದ ಓರೆಯಾಗಿ ನೋಡಿದರೆ ಎರಡು ಗೋಡೆಗಳು ಎರಡು ಬಿಂದುಗಳತ್ತ ಸರಿಯುತ್ತವೆ. ಪೀಠೋಪಕರಣಗಳ ಗಾತ್ರ, ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ದಾರಿ ಚೆನ್ನಾಗಿ ತಿಳಿಯುತ್ತದೆ. ಜನ ವಾಸಿಸುವ ಕೋಣೆಗೆ ನನ್ನ ಮತ ಇದಕ್ಕೇ. ಅಪಾಯವಿರುವುದು ಲೆನ್ಸಿನಲ್ಲಿ: ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ (35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವಂಥದ್ದು) ಲೆನ್ಸಿನ ಫೋಕಲ್ ಲೆಂತ್ 16 ಮಿ.ಮೀ.ಗೆ ಇಳಿದರೆ (ಈ ಸಂಖ್ಯೆ ಇಳಿದಷ್ಟೂ ನೋಟ ಅಗಲ) ಅಂಚಿನ ಕುರ್ಚಿ ಹಿಗ್ಗಿಸಿದಂತಾಗುತ್ತದೆ. 24 ಮಿ.ಮೀ.ಗಿಂತ ಅಗಲಕ್ಕೆ ಹೋಗಲು ನಾನು ಹಿಂಜರಿಯುತ್ತೇನೆ. ಕೋಣೆ ಪೂರ್ತಿ ಹಿಡಿಯದಿದ್ದರೆ ಚಿಂತೆಯಿಲ್ಲ. ಚೌಕಟ್ಟಿನಲ್ಲಿ ಅರ್ಧ ಕಂಡ ಸೋಫಾ, ಜಾಗ ಇನ್ನೂ ಮುಂದುವರಿದಿದೆ ಎಂದು ಹೇಳುತ್ತದೆ.

ಎರಡರಲ್ಲೂ ಕ್ಯಾಮೆರಾವನ್ನು ಮೇಲಕ್ಕೋ ಕೆಳಕ್ಕೋ ಬಾಗಿಸದಿದ್ದರೆ ಕಂಬ, ಬಾಗಿಲುಗಳು ನೆಟ್ಟಗೆ ನಿಲ್ಲುತ್ತವೆ. ಎತ್ತರ ಸುಮಾರು 1.2 ಮೀಟರ್ ಇರಲಿ. ಅಡುಗೆಮನೆಯ ಕಟ್ಟೆಯ ಮೇಲ್ಮೈ ಕಾಣಿಸಬೇಕಿದ್ದರೆ ಮಾತ್ರ ಇನ್ನೂ ಸ್ವಲ್ಪ ಮೇಲಕ್ಕೆ.